ಆಟಿಸಂ ಈಗ ನಿಜಕ್ಕೂ ಜಾಸ್ತಿ ಆಗಿದೆಯಾ, ಅಥವಾ ಈಗ ಹೆಸರು ಸಿಕ್ಕಿದ್ದಾ?

ಬದಿಯಡ್ಕದ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಇದೇ ಮೊದಲು. ನಾವು ಕೇರಳದ ಗಡಿಯ ಕಾಸರಗೋಡು ಜಿಲ್ಲೆಯವರು.

ಮಗನಿಗೆ ಮೂರು ವರ್ಷ ಎರಡು ತಿಂಗಳು. ಹೋದ ತಿಂಗಳು ಮಂಗಳೂರಿನಲ್ಲಿ ತೋರಿಸಿದೆವು, ಆಟಿಸಂ ಅಂತ ಬರೆದು ಕೊಟ್ಟರು. ಹೆಸರು ಕರೆದರೆ ತಿರುಗುವುದಿಲ್ಲ. ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವುದನ್ನು ಒಂದು ಗಂಟೆ ಬೇಕಾದರೂ ನಿಂತು ನೋಡುತ್ತಾನೆ, ನಿಲ್ಲಿಸಿದರೆ ನೆಲಕ್ಕೆ ಬಿದ್ದು ಅಳುತ್ತಾನೆ. ಸ್ವಂತ ಮಾತು ಇಲ್ಲ. ಆದರೆ ಬಸ್ಸಿನ ಕಂಡಕ್ಟರ್ ಕೂಗುವ ಹಾಗೆ ‘ಕಾಸರಗೋಡ್ ಕಾಸರಗೋಡ್ ಕಾಸರಗೋಡ್’ ಅಂತ ಅದೇ ರಾಗದಲ್ಲಿ ಹೇಳುತ್ತಾನೆ, ದಿನಕ್ಕೆ ಎಷ್ಟು ಸಲವೋ.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ನಮ್ಮ ಕಾಲದಲ್ಲಿ ಇಂಥದ್ದು ಇರಲೇ ಇಲ್ಲ, ಇದು ಮೊಬೈಲ್ ಕೊಟ್ಟು ಬಂದದ್ದು ಅಂತ ಅತ್ತೆ. ಹಿಂದೆ ಗೇರು ತೋಟಕ್ಕೆ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಉಳಿಕೆ ಅಂತ ಮಾವ. ಪಕ್ಕದ ಮನೆಯವರು ಚುಚ್ಚುಮದ್ದು ಅನ್ನುತ್ತಾರೆ. ನಾದಿನಿ ಹೇಳುವುದು, ಮನೆಯಲ್ಲಿ ಹವ್ಯಕ, ಕೆಲಸದವರ ಹತ್ತಿರ ತುಳು, ಆಚೆ ಮನೆಯ ಮಕ್ಕಳ ಹತ್ತಿರ ಮಲಯಾಳ, ಫೋನಿನಲ್ಲಿ ಇಂಗ್ಲಿಷ್ ಪದ್ಯ, ಮಗು ಗೊಂದಲ ಆಗಿ ಮಾತು ಬಿಟ್ಟಿದೆ ಅಂತ. ಕೇಳಿ ಕೇಳಿ ಸಾಕಾಯಿತು.

ನನ್ನ ಹೆದರಿಕೆ ಬೇರೆಯೇ. ಹೊಟ್ಟೆಯಲ್ಲಿದ್ದಾಗ ನಾಲ್ಕನೇ ತಿಂಗಳಲ್ಲಿ ನನಗೆ ಜೋರು ಜ್ವರ ಬಂದಿತ್ತು, ಮೂರು ದಿನ ಪ್ಯಾರಸಿಟಮಾಲ್ ತೆಗೆದುಕೊಂಡಿದ್ದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಅದೇ ಮಾತ್ರೆಯನ್ನು ಬಸುರಿಯರು ತೆಗೆದುಕೊಳ್ಳಬೇಡಿ ಅಂದದ್ದು ಟೀವಿಯಲ್ಲಿ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಮೊದಲು 150 ಮಕ್ಕಳಲ್ಲಿ ಒಬ್ಬರಿಗೆ ಇದ್ದದ್ದು ಈಗ 31ರಲ್ಲಿ ಒಬ್ಬರಿಗೆ ಅಂತೆ. ಇಪ್ಪತ್ತು ಇಪ್ಪತ್ತೆರಡು ವರ್ಷದಲ್ಲಿ ಐದು ಪಟ್ಟು ಏರಿದೆ ಅಂದರೆ ಏನೋ ಒಂದು ಕಾರಣ ಇರಲೇಬೇಕಲ್ವಾ? ಗೊತ್ತಿದ್ದವರು ನಿಜ ಹೇಳಿ. ಸಮಾಧಾನಕ್ಕೆ ಹೇಳುವುದು ಬೇಡ.

ಉಪ್ಪಳದವಳು

ತಂಗಿ, ನಾನು ಸ್ಪೀಚ್ ಥೆರಪಿಸ್ಟ್. ಊರು ಉಪ್ಪಳ, ಕೆಲಸ ಮಂಗಳೂರಿನಲ್ಲಿ, ಹದಿನಾರು ವರ್ಷ ಆಯಿತು. ನಿಜ ಹೇಳಿ ಅಂದಿದ್ದೀರಿ, ಹಾಗೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆ 31ರ ಲೆಕ್ಕ ಎಲ್ಲಿಂದ ಬಂತು ನೋಡಿ. ಅಮೆರಿಕದ ಸಿಡಿಸಿ ಎಂಬ ಸರ್ಕಾರಿ ಸಂಸ್ಥೆ ಕೆಲವು ಆಯ್ದ ಊರುಗಳಲ್ಲಿ ಎಂಟು ವರ್ಷದ ಮಕ್ಕಳ ಲೆಕ್ಕ ಇಡುತ್ತದೆ. 2000ದಲ್ಲಿ 150ಕ್ಕೆ ಒಂದು, 2010ರಲ್ಲಿ 68ಕ್ಕೆ ಒಂದು, 2020ರಲ್ಲಿ 36ಕ್ಕೆ ಒಂದು, 2022ರಲ್ಲಿ 31ಕ್ಕೆ ಒಂದು. ಆದರೆ ಅವರು ಮಕ್ಕಳನ್ನು ಕೂರಿಸಿ ಪರೀಕ್ಷೆ ಮಾಡುವುದಿಲ್ಲ. ಶಾಲೆ, ಆಸ್ಪತ್ರೆಗಳ ದಾಖಲೆ ತೆಗೆದು, ಯಾವ ಮಗುವಿನ ಕಡತದಲ್ಲಿ ಆಟಿಸಂ ಅಂತ ಇದೆ ಅಂತ ನೋಡುತ್ತಾರೆ. ಹಾಗಾಗಿ ಬರೆಯುವವರು ಇರುವ ಕಡೆ ಸಂಖ್ಯೆ ಜಾಸ್ತಿ, ಇಲ್ಲದ ಕಡೆ ಕಡಿಮೆ. ಅದೇ 2022ರ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಕಡೆ 19 ಮಕ್ಕಳಲ್ಲಿ ಒಬ್ಬರು, ಟೆಕ್ಸಸ್‌ನ ಗಡಿ ಊರು ಲರೇಡೊದಲ್ಲಿ 103ರಲ್ಲಿ ಒಬ್ಬರು. ಒಂದೇ ದೇಶ, ಒಂದೇ ವರ್ಷ. ಮಕ್ಕಳ ಮಿದುಳು ಊರಿಂದ ಊರಿಗೆ ಐದು ಪಟ್ಟು ಬದಲಾಗುತ್ತದೆ ಅಂತ ನನಗೆ ನಂಬಲಿಕ್ಕೆ ಆಗುವುದಿಲ್ಲ. ಬೇಗ ಗುರುತಿಸುವ ವ್ಯವಸ್ಥೆ ಒಂದು ಕಡೆ ಗಟ್ಟಿ ಉಂಟು, ಇನ್ನೊಂದು ಕಡೆ ಇಲ್ಲ.

ಎರಡನೆಯದು, ಆಟಿಸಂ ಅಂತ ಯಾವುದಕ್ಕೆ ಹೇಳುವುದು ಎನ್ನುವುದೇ ಬದಲಾಗಿದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಡಾಕ್ಟರ್ ಮೊದಲ ಸಲ ಬರೆದದ್ದು 11 ಮಕ್ಕಳ ಬಗ್ಗೆ ಮಾತ್ರ. ಮನೋವೈದ್ಯರು ರೋಗಗಳನ್ನು ಗುರುತಿಸಲಿಕ್ಕೆ ಬಳಸುವ ಡಿಎಸ್‌ಎಂ ಎಂಬ ಅಮೆರಿಕದ ಕೈಪಿಡಿಯಲ್ಲಿ ಅದು ಬೇರೆ ಹೆಸರಾಗಿ ಸೇರಿದ್ದು 1980ರಲ್ಲಿ. ಆಗ ತುಂಬಾ ಬಿಗಿ ಇತ್ತು, ಮಾತು ತೀರಾ ಹಿಂದೆ ಬಿದ್ದ, ಯಾರನ್ನೂ ಹತ್ತಿರ ಸೇರಿಸದ ಮಗುವಿಗೆ ಮಾತ್ರ ಆ ಹೆಸರು. 1994ರಲ್ಲಿ ಚೆನ್ನಾಗಿ ಮಾತಾಡುವ, ಶಾಲೆಯಲ್ಲಿ ಕಲಿಯುವ, ಆದರೆ ಜನರ ಜೊತೆ ಒಗ್ಗದ ಮಕ್ಕಳು ಆಸ್ಪರ್ಜರ್ ಎಂಬ ಹೆಸರಿನಲ್ಲಿ ಒಳಗೆ ಬಂದರು. 2013ರಲ್ಲಿ ಎಲ್ಲ ಸೇರಿಸಿ ಆಟಿಸಂ ಸ್ಪೆಕ್ಟ್ರಮ್ ಅಂತ ಒಂದೇ ಮಾಡಿದರು. ಅಲ್ಲಿಯವರೆಗೆ ಒಂದು ಮಗುವಿಗೆ ಎಡಿಎಚ್‌ಡಿ (ಒಂದು ಕಡೆ ಗಮನ ನಿಲ್ಲದ, ಸುಮ್ನೆ ಕೂರಲಿಕ್ಕೆ ಆಗದ ತೊಂದರೆ) ಮತ್ತು ಆಟಿಸಂ ಎರಡೂ ಬರೆಯುವ ಹಾಗೆಯೇ ಇರಲಿಲ್ಲ. ಅದೂ ಆಗ ತೆರೆಯಿತು.

ನಮ್ಮ ಕಡೆಯವರಿಗೆ ಅರ್ಥ ಆಗುವ ಹಾಗೆ ಹೇಳುವುದಾದರೆ, ಅಡಿಕೆ ಸುಲಿದು ಹೆಕ್ಕುವಾಗ ಎರಡೇ ರಾಶಿ ಮಾಡುವ ಮನೆ ಉಂಟು, ಐದಾರು ರಾಶಿ ಮಾಡುವ ಮನೆಯೂ ಉಂಟು. ರಾಶಿ ಬದಲಾಗುತ್ತದೆ, ಅಂಗಳದಲ್ಲಿ ಬಿದ್ದ ಅಡಿಕೆ ಅಷ್ಟೇ. ಅಮೆರಿಕದ ಶಾಲೆಗಳ ದಾಖಲೆಯಲ್ಲಿ ಆಟಿಸಂ ಏರುತ್ತಾ ಹೋದ ಹಾಗೆ ‘ಬುದ್ಧಿಮಾಂದ್ಯ’ ಎಂಬ ಲೆಕ್ಕ ಇಳಿಯುತ್ತಾ ಹೋಯಿತು. ಎಷ್ಟೋ ಮಕ್ಕಳು ಒಂದು ರಾಶಿಯಿಂದ ಇನ್ನೊಂದಕ್ಕೆ ಬಂದವರು.

ಸುಮ್ನೆ ಊಹೆ ಅಲ್ಲ ಇದು. ಡೆನ್ಮಾರ್ಕಿನಲ್ಲಿ ಗುರುತಿಸುವ ನಿಯಮ 1994ರಲ್ಲಿ ಬದಲಾಯಿತು, 1995ರಿಂದ ಅಡ್ಮಿಟ್ ಆಗದೆ ಸುಮ್ನೆ ತೋರಿಸಿ ಹೋದವರನ್ನೂ ದಾಖಲೆಗೆ ಸೇರಿಸಿದರು. ಅಲ್ಲಿ ಕಂಡ ಏರಿಕೆಯಲ್ಲಿ ಸುಮಾರು 60 ಶೇಕಡಾ ಈ ಎರಡೇ ಬದಲಾವಣೆಯಿಂದ ಆದದ್ದು ಅಂತ 2015ರ ಒಂದು ಅಧ್ಯಯನ ಲೆಕ್ಕ ಹಾಕಿತು. ಅದೇ ವರ್ಷ ಸ್ವೀಡನ್‌ನವರು ಇನ್ನೂ ಚಂದದ ಕೆಲಸ ಮಾಡಿದರು. ಹತ್ತು ವರ್ಷದಲ್ಲಿ ಹುಟ್ಟಿದ ಸುಮಾರು 20 ಸಾವಿರ ಅವಳಿ ಮಕ್ಕಳ ತಂದೆತಾಯಿಗೆ ಫೋನ್ ಮಾಡಿ ಅವೇ ಪ್ರಶ್ನೆ ಕೇಳಿದರು. ಮಕ್ಕಳಲ್ಲಿ ಕಾಣುವ ಲಕ್ಷಣ ಆ ಹತ್ತು ವರ್ಷವೂ ಒಂದೇ ಮಟ್ಟದಲ್ಲಿ ಇತ್ತು, ಆಸ್ಪತ್ರೆ ದಾಖಲೆಯಲ್ಲಿ ಮಾತ್ರ ಆಟಿಸಂ ಏರುತ್ತಾ ಹೋಗಿತ್ತು.

ಹಾಗಾದರೆ ನಿಜವಾದ ಏರಿಕೆ ಸ್ವಲ್ಪವೂ ಇಲ್ವಾ? ಹಾಗೆ ನಾನು ಹೇಳುವುದಿಲ್ಲ. ಈಗ ಮದುವೆ ತಡ, ಮಕ್ಕಳೂ ತಡ. ತಂದೆತಾಯಿಯ ವಯಸ್ಸು ಏರಿದರೆ ಸಾಧ್ಯತೆ ಸ್ವಲ್ಪ ಏರುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳು ಹಿಂದೆ ಉಳಿಯುತ್ತಿರಲಿಲ್ಲ, ಈಗ ಉಳಿಯುತ್ತಾರೆ, ಅವರಲ್ಲಿಯೂ ಸಾಧ್ಯತೆ ಜಾಸ್ತಿ. ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್ ಎಂಬ ಔಷಧ ಬಸುರಿಯಲ್ಲಿ ಅಪಾಯ, ಅದು ಗಟ್ಟಿಯಾಗಿ ಗೊತ್ತಾಗಿದೆ (ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ). ಇವೆಲ್ಲ ಸೇರಿದರೂ ಐದು ಪಟ್ಟು ಆಗುವುದಿಲ್ಲ.

ಇನ್ನು ನಿಮ್ಮ ಮಾತ್ರೆ. ಸ್ವೀಡನ್‌ನಲ್ಲಿ ಸುಮಾರು 24.8 ಲಕ್ಷ ಮಕ್ಕಳನ್ನು ನೋಡಿ 2024ರಲ್ಲಿ ಬರೆದಿದ್ದಾರೆ. ಒಂದೇ ತಾಯಿಯ ಎರಡು ಮಕ್ಕಳು, ಒಂದು ಬಸುರಿಯಲ್ಲಿ ಪ್ಯಾರಸಿಟಮಾಲ್ ತೆಗೆದುಕೊಂಡಿದ್ದಾಳೆ, ಇನ್ನೊಂದರಲ್ಲಿ ಇಲ್ಲ. ಹಾಗೆ ಹೋಲಿಸಿದಾಗ ವ್ಯತ್ಯಾಸ ಏನೂ ಕಾಣಲಿಲ್ಲ. ಬಸುರಿಯಲ್ಲಿ ಜೋರು ಜ್ವರವನ್ನು ಹಾಗೇ ಬಿಡುವುದೇ ಮಗುವಿಗೆ ಕೆಟ್ಟದ್ದು. ನೀವು ಮಾಡಿದ್ದು ಸರಿ. ಇದನ್ನು ಸಮಾಧಾನಕ್ಕೆ ಹೇಳಿದ್ದಲ್ಲ.

ಚುಚ್ಚುಮದ್ದಿನ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಟ್ಟಿಗೆ ಕೊಡುವ ಎಂಎಂಆರ್) ಕಥೆ ಹುಟ್ಟಿದ್ದು 1998ರಲ್ಲಿ, ಇಂಗ್ಲೆಂಡಿನಲ್ಲಿ, ಬರೇ 12 ಮಕ್ಕಳ ಮೇಲೆ ಬರೆದ ಒಂದು ಲೇಖನದಿಂದ. 2010ರಲ್ಲಿ ಆ ಪತ್ರಿಕೆ ಲೇಖನವನ್ನು ಹಿಂದೆ ತೆಗೆಯಿತು, ಬರೆದ ವೇಕ್‌ಫೀಲ್ಡ್ ಅವರ ಡಾಕ್ಟರ್ ನೋಂದಣಿಯೂ ಹೋಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ನೋಡಿ 2019ರಲ್ಲಿ ಸಂಬಂಧ ಇಲ್ಲ ಅಂದರು. ಜಪಾನಿನಲ್ಲಿ 1993ರಲ್ಲಿ ಆ ಎಂಎಂಆರ್ ಚುಚ್ಚುಮದ್ದೇ ನಿಲ್ಲಿಸಿದರು. ಯೊಕೊಹಾಮಾದಲ್ಲಿ ಆಟಿಸಂ ಲೆಕ್ಕ ಆಮೇಲೂ ಏರುತ್ತಲೇ ಹೋಯಿತು.

ನಿವೃತ್ತ ಮಾಸ್ಟ್ರು, ಕುಂಬಳೆ

ಮಗಳೇ, ನಿನ್ನ ಅತ್ತೆ ಹೇಳಿದ ‘ನಮ್ಮ ಕಾಲದಲ್ಲಿ ಇರಲಿಲ್ಲ’ ಎನ್ನುವ ಮಾತಿಗೆ ನಾನು ಉತ್ತರ ಕೊಡಬೇಕು. ನಾನು ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವನು.

1983ನೇ ಇಸವಿ. ಎರಡನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಶಾಲೆಯ ಗಂಟೆ ಬಾರಿಸಿದ ಕೂಡಲೇ ಎರಡೂ ಕಿವಿ ಮುಚ್ಚಿ ಬೆಂಚಿನ ಅಡಿಗೆ ಹೋಗುತ್ತಿದ್ದ. ಕರೆದರೆ ಬರುವುದಿಲ್ಲ. ಮಧ್ಯಾಹ್ನದ ಗಂಜಿ ಅವನದೇ ತಟ್ಟೆಯಲ್ಲಿ ಆಗಬೇಕು, ಬೇರೆ ತಟ್ಟೆಯಲ್ಲಿ ಕೊಟ್ಟರೆ ಉಪವಾಸ. ನಾವು ಮಾತಾಡಿದ್ದನ್ನೇ ತಿರುಗಿ ನಮಗೆ ಹೇಳುತ್ತಿದ್ದ. ಅಣಕಿಸುತ್ತಿದ್ದಾನೆ ಅಂತ ಅಂದುಕೊಂಡೆ. ಬೆತ್ತ ತೆಗೆದೆ. ಒಂದು ಸಲ ಅಲ್ಲ, ಆ ವರ್ಷ ತುಂಬಾ ಸಲ. ಊರಿನಲ್ಲಿ ಅವನಿಗೆ ಬೋದಾಳ ಅಂತ ಹೆಸರು ಬಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ.

ಇಂದು ಅವನಿಗೆ ಐವತ್ತರ ಹತ್ತಿರ ಆಗಿರಬೇಕು. ತಾಯಿ ಇದ್ದಾರೆ, ಎಂಬತ್ತು ಕಳೆದಿದೆ. ದನಗಳನ್ನು ಅವನು ಎಷ್ಟು ಚೆನ್ನಾಗಿ ನೋಡುತ್ತಾನೆ ಅಂದರೆ ಹಾಲು ಕರೆಯುವ ಹೊತ್ತು ಗಡಿಯಾರ ನೋಡಿದ ಹಾಗೆ. ಹೊರಗಿನವರು ಬಂದರೆ ಹಟ್ಟಿಗೆ ಹೋಗಿಬಿಡುತ್ತಾನೆ. ಉಪ್ಪಳದ ಟೀಚರ್ ಹೇಳಿದ್ದು ಓದುತ್ತಾ ಹೋದ ಹಾಗೆ ನನಗೆ ಅವನೇ ಕಣ್ಣಿಗೆ ಬಂದ. ಅವನು ಯಾವ ಲೆಕ್ಕದಲ್ಲಿದ್ದಾನೆ? ಯಾವುದರಲ್ಲಿಯೂ ಇಲ್ಲ. 1995ರ ಅಂಗವಿಕಲರ ಕಾನೂನಿನಲ್ಲಿ ಆಟಿಸಂ ಎಂಬ ಶಬ್ದವೇ ಇರಲಿಲ್ಲ. 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾನೂನು ಬಂದಾಗ ಸೇರಿತು, 2016ರ ಹೊಸ ಕಾನೂನಿನ 21 ಬಗೆಗಳಲ್ಲಿ ಅದೂ ಒಂದಾಯಿತು. ಬರೆಸಿ ಪ್ರಯೋಜನ ಇಲ್ಲ ಅಂತಾದರೆ ಯಾರು ಬರೆಸುತ್ತಾರೆ?

ಅತ್ತೆಯವರ ಹತ್ತಿರ ಒಂದು ಸಲ ಕೇಳಿ ನೋಡು, ಅವರ ತವರಿನಲ್ಲಿ, ಆ ಊರಿನಲ್ಲಿ, ಮದುವೆಯಾಗದೆ ಮನೆಯಲ್ಲಿ ಉಳಿದ, ಜನ ಬಂದರೆ ಒಳಗೆ ಹೋಗುವ ಯಾರಾದರೂ ಮಾವ, ಚಿಕ್ಕಪ್ಪ ಇದ್ದರಾ ಅಂತ. ಇದ್ದೇ ಇರುತ್ತಾರೆ.

ನೀರ್ಚಾಲಿನ ಅಂಗನವಾಡಿ ಟೀಚರ್

ಮಾಸ್ಟ್ರು ಹೇಳಿದ್ದು ಒಪ್ಪುತ್ತೇನೆ, ಆದರೂ ಮೊಬೈಲಿನ ವಿಷಯ ಹಾಗೇ ಬಿಡಲಿಕ್ಕೆ ಮನಸ್ಸಿಲ್ಲ. ಇಪ್ಪತ್ತು ವರ್ಷದಿಂದ ಅಂಗನವಾಡಿಯಲ್ಲಿದ್ದೇನೆ. ಕೊರೊನಾ ಕಳೆದ ಮೇಲೆ ಬಂದ ಮಕ್ಕಳಲ್ಲಿ ಮಾತು ತಡ ಆದವರು ಜಾಸ್ತಿ, ಇದು ನಾನು ಕಣ್ಣಾರೆ ನೋಡಿದ್ದು. ಫೋನ್ ಹಿಡಿದು ಊಟ, ಫೋನ್ ಹಿಡಿದು ನಿದ್ದೆ. ಎರಡು ವರ್ಷದಲ್ಲಿ ಮೂರು ಮಕ್ಕಳನ್ನು ಜಿಲ್ಲೆಯ ಕೇಂದ್ರಕ್ಕೆ ಕಳಿಸಿದೆ, ಇಬ್ಬರಿಗೆ ಆಟಿಸಂ ಅಂತ ಬಂತು. ಅದಕ್ಕೂ ಮೊದಲಿನ ಹದಿನೆಂಟು ವರ್ಷದಲ್ಲಿ ಒಬ್ಬರನ್ನೂ ಕಳಿಸಿರಲಿಲ್ಲ.

ಇಷ್ಟು ಬರೆದು ಆಮೇಲೆ ಯೋಚನೆ ಬಂತು. ಆ ಹದಿನೆಂಟು ವರ್ಷ ನಾನು ತಾಯಂದಿರಿಗೆ ಹೇಳುತ್ತಿದ್ದದ್ದು ‘ಇವನ ಅಪ್ಪನಿಗೂ ಮಾತು ತಡ, ಬರುತ್ತದೆ ಬಿಡಿ’ ಅಂತ. ಈಗ ತರಬೇತಿ ಕೊಟ್ಟಿದ್ದಾರೆ. ಬೆರಳು ತೋರಿಸಿ ಕೇಳುತ್ತದಾ, ಹೆಸರು ಕರೆದರೆ ತಿರುಗುತ್ತದಾ, ನಾವು ತೋರಿಸಿದ ಕಡೆ ನೋಡುತ್ತದಾ ಅಂತ ನೋಡಲಿಕ್ಕೆ ಕಲಿಸಿದ್ದಾರೆ. ನಮ್ಮ ಅಂಗನವಾಡಿಯಿಂದ ಏರಿದ ಸಂಖ್ಯೆ ನಾನೇ ನೋಡಲಿಕ್ಕೆ ಕಲಿತದ್ದರಿಂದ ಏರಿದ್ದಾ? ಆದರೂ ಫೋನಿನಿಂದ ಏನೂ ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ.

ಎಣ್ಮಕಜೆಯವ

ಬದಿಯಡ್ಕದ ಅಕ್ಕ, ನಿಮ್ಮ ಮಾವನವರ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಾನು ಗೇರು ತೋಟದ ಗುಡ್ಡದ ಕೆಳಗೆ ಹುಟ್ಟಿದವ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟದ್ದು ನಮ್ಮ ತಲೆಯ ಮೇಲೆ. ನಮಗೆ ಕುಡಿಯುವ ನೀರು ಆ ಗುಡ್ಡಕ್ಕೆ ನೀರಿಗಾಗಿ ಅಡ್ಡ ಕೊರೆದ ಸುರಂಗದ್ದು. ಜೇನು ಹುಳ ಸತ್ತವು, ದನಕ್ಕೆ ಕೈಕಾಲು ಸೊಟ್ಟ ಇರುವ ಕರು ಹುಟ್ಟಿತು. ನನ್ನ ತಂಗಿ ನಡೆಯಲಿಲ್ಲ, ಮಾತಾಡಲಿಲ್ಲ, ಇಪ್ಪತ್ತೆರಡಕ್ಕೆ ಹೋದಳು. ಅವಳಿಗೆ ಇದ್ದದ್ದು ಎಂತ ಅಂತ ಇವತ್ತಿಗೂ ಒಂದು ಕಾಗದದಲ್ಲಿ ಸರಿಯಾಗಿ ಬರೆದಿಲ್ಲ. ಸುಪ್ರೀಂ ಕೋರ್ಟ್ ಆ ವಿಷವನ್ನು ನಿಲ್ಲಿಸಿದ್ದು 2011ರಲ್ಲಿ, ತಲಾ 5 ಲಕ್ಷ ಕೊಡಿ ಅಂದದ್ದು 2017ರಲ್ಲಿ.

ಉಪ್ಪಳದ ಅಕ್ಕ ಅಮೆರಿಕ, ಸ್ವೀಡನ್ ಎಲ್ಲ ಹೇಳಿದರು. ಅದೇ ಕ್ಯಾಲಿಫೋರ್ನಿಯಾದಲ್ಲಿ 2007ರಲ್ಲಿ ಒಂದು ಅಧ್ಯಯನ ಆಗಿದೆ, ಹೊಲಗಳಿಗೆ ಎಂಡೋಸಲ್ಫಾನ್ ಮತ್ತು ಡೈಕೊಫಾಲ್ ಎಂಬ ಇನ್ನೊಂದು ಕೀಟನಾಶಕ ಹೊಡೆದ ಜಾಗದ ಹತ್ತಿರ ಬಸುರಿಯ ಮೊದಲ ತಿಂಗಳುಗಳಲ್ಲಿ ಇದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ತುಂಬಾ ಜಾಸ್ತಿ ಕಂಡಿದೆ. ಇದನ್ನು ಯಾಕೆ ಹೇಳಲಿಲ್ಲ? ಲೆಕ್ಕ ಜಾಸ್ತಿ ಆದದ್ದು ಹೆಸರು ಬದಲಾದ್ದರಿಂದ ಅಂತ ಹೇಳಿ ಮುಗಿಸಿದರೆ, ನಾಳೆ ನಮ್ಮ ಊರಿನ ಮಕ್ಕಳ ಬಗ್ಗೆಯೂ ಅದೇ ಹೇಳಿ ಕಡತ ಮುಚ್ಚುತ್ತಾರೆ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿ ಎನ್ನುವುದು ಎಂತ ಅಂತ ನಮಗೆ ಗೊತ್ತುಂಟು. ಒಂದು ಕ್ಯಾಂಪಿನ ಪಟ್ಟಿಯಲ್ಲಿ ಇದ್ದ ಮಗು ಇನ್ನೊಂದರಲ್ಲಿ ಇರುವುದಿಲ್ಲ, ಮಗು ಮಾತ್ರ ಅದೇ ಚಾಪೆಯ ಮೇಲೆ ಮಲಗಿರುತ್ತದೆ.

ಉಪ್ಪಳದವಳು

ನಿಮ್ಮ ತಂಗಿಯ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಿಕ್ಕೆ ಆಗಲಿಲ್ಲ ತಮ್ಮ. ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಆ ಅಧ್ಯಯನವನ್ನು ನಾನು ಮೊದಲೇ ಹೇಳಬೇಕಿತ್ತು.

ಅದರಲ್ಲಿ ಹೊಲದ ತೀರಾ ಹತ್ತಿರ, ಜಾಸ್ತಿ ಔಷಧ ಹೊಡೆದ ಕಡೆ ಇದ್ದ ತಾಯಂದಿರು 29 ಜನ. ಅವರಲ್ಲಿ 8 ಜನರ ಮಕ್ಕಳಿಗೆ ಆಟಿಸಂ. ದೂರ ಹೆಚ್ಚಾದ ಹಾಗೆ ಅಪಾಯ ಇಳಿಯುತ್ತಾ ಹೋದದ್ದು ಅವರಿಗೆ ಕಂಡಿತು, ಅದು ಗಮನಿಸಬೇಕಾದದ್ದೇ. ಆದರೆ 29 ಜನ ಅಂದರೆ ಸಣ್ಣ ಗುಂಪು, ಇದನ್ನು ಇನ್ನೂ ನೋಡಬೇಕು ಅಂತ ಅವರೇ ಬರೆದಿದ್ದಾರೆ. ಅಮೆರಿಕದ ಏರಿಕೆಯಲ್ಲಿ ಹೆಚ್ಚಿನ ಪಾಲು ಹೆಸರಿನ, ಗುರುತಿಸುವಿಕೆಯ ಬದಲಾವಣೆ ಎನ್ನುವುದೂ, ಒಂದು ಜಾಗದಲ್ಲಿ ಒಂದು ವಿಷ ಮಕ್ಕಳನ್ನು ಹಾಳು ಮಾಡಿತು ಎನ್ನುವುದೂ ಎರಡು ಬೇರೆ ಮಾತು. ಒಂದು ನಿಜ ಅಂತ ಇನ್ನೊಂದು ಸುಳ್ಳಾಗಬೇಕಾಗಿಲ್ಲ. ನಿಮ್ಮ ಊರಿನ ಮಕ್ಕಳನ್ನು ಹುಟ್ಟಿದ ವರ್ಷ, ಮನೆ ಇರುವ ಜಾಗ, ನೀರಿನ ಮೂಲ ಸಹಿತ ಸರಿಯಾಗಿ ಪರೀಕ್ಷೆ ಮಾಡಿ ಬರೆದಿಡಬೇಕು. ಅದನ್ನು ಕೇಳುವ ಹಕ್ಕು ನಿಮಗೆ ಪೂರಾ ಉಂಟು. ಆದರೆ ಬದಿಯಡ್ಕದ ಈ ಮಗು ಹುಟ್ಟಿದ್ದು ಸಿಂಪಡಣೆ ನಿಂತು ಇಪ್ಪತ್ತು ವರ್ಷ ಕಳೆದ ಮೇಲೆ. ಈ ಒಂದು ಮಗುವಿಗೆ ಅದೇ ಕಾರಣ ಅಂತ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ.

ಭಾರತದಲ್ಲಿ ಮನೆ ಮನೆಗೆ ಹೋಗಿ ಮಾಡಿದ ದೊಡ್ಡ ಲೆಕ್ಕ 2018ರಲ್ಲಿ ಬಂತು, ಎರಡರಿಂದ ಒಂಬತ್ತು ವರ್ಷದ ಮಕ್ಕಳು. ಪಲ್ವಲ್, ಕಾಂಗ್ರಾ, ಢೆಂಕಾನಾಲ್, ಉತ್ತರ ಗೋವಾ, ಹೈದರಾಬಾದ್, ಐದು ಕಡೆ. ಅಲ್ಲಿ ಆಟಿಸಂ ಸುಮಾರು ನೂರಕ್ಕೆ ಒಂದು. ಕೇರಳದ ಒಂದು ಜಾಗವೂ ಅದರಲ್ಲಿಲ್ಲ.

ಅಂಗನವಾಡಿ ಟೀಚರಿಗೆ: ಫೋನಿನಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಫೋನ್ ಹಿಡಿದ ಹೊತ್ತು ಮಗು ಯಾರ ಮುಖವನ್ನೂ ನೋಡುವುದಿಲ್ಲ, ಮಾತು ಕಲಿಯುವುದು ಮುಖ ನೋಡಿಕೊಂಡು. ಮಾತು ತಡ ಆಗಲಿಕ್ಕೆ ಅದು ಸಾಕು. ಅಂಥ ಎಷ್ಟೋ ಮಕ್ಕಳು ಫೋನ್ ತೆಗೆದಿಟ್ಟು ನಾಲ್ಕು ತಿಂಗಳು ಆಟ ಆಡಿಸಿದರೆ ಹಿಡಿದುಕೊಳ್ಳುತ್ತಾರೆ. ಆಟಿಸಂ ಇರುವ ಮಗು ಹಾಗಲ್ಲ, ಅದಕ್ಕೆ ಫೋನ್ ಬರುವ ಮೊದಲೇ ಬೇರೆ ದಾರಿ ಇರುತ್ತದೆ. ತಿರುಗುವ, ಒಂದೇ ತರ ಮರಳಿ ಬರುವ ವಸ್ತು ಇಷ್ಟ ಆದ್ದರಿಂದ ಫೋನಿಗೂ ಬೇಗ ಅಂಟುತ್ತದೆ. ನೋಡುವವರಿಗೆ ಫೋನಿನಿಂದ ಬಂದ ಹಾಗೆ ಕಾಣುತ್ತದೆ. ಐದು ದೇಶಗಳ ಕುಟುಂಬಗಳನ್ನು ನೋಡಿ 2019ರಲ್ಲಿ ಬಂದ ಅಧ್ಯಯನ ಒಬ್ಬರಿಗೆ ಇದೆ, ಇನ್ನೊಬ್ಬರಿಗೆ ಇಲ್ಲ ಎನ್ನುವ ವ್ಯತ್ಯಾಸದಲ್ಲಿ ಸುಮಾರು 80 ಶೇಕಡಾ ವಂಶವಾಹಿಗಳದ್ದು (ಜೀನ್) ಅನ್ನುತ್ತದೆ. ನೀವು ಕಳಿಸಿದ ಆ ಮೂರು ಮಕ್ಕಳಿಗೆ ನೀವು ಮಾಡಿದ್ದು ದೊಡ್ಡ ಉಪಕಾರ ಟೀಚರೇ.

ತಲಪಾಡಿಯ ಅಪ್ಪ

ಭಾಷೆಯ ವಿಷಯಕ್ಕೆ ಯಾರೂ ಬರಲಿಲ್ಲ, ನನಗೆ ಹೇಳಬೇಕಾದದ್ದು ಅದೇ.

ನಮಗೆ ಇಬ್ಬರು ಮಕ್ಕಳು, ಇಬ್ಬರಿಗೂ ಆಟಿಸಂ. ಮಗನಿಗೆ ಮೂರರಲ್ಲಿ ಗೊತ್ತಾಯಿತು. ಮನೆ ಮಾತು ತುಳು. ಆಗ ಹೋದ ಒಂದು ಕೇಂದ್ರದಲ್ಲಿ ಮೂರು ನಾಲ್ಕು ಭಾಷೆ ಬೇಡ, ಮನೆಯಲ್ಲಿ ಎಲ್ಲರೂ ಇಂಗ್ಲಿಷ್ ಮಾತ್ರ ಮಾತಾಡಿ ಅಂದರು. ನಂಬಿದೆವು. ನನ್ನ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ‘ಮಗಾ, ಇಂಚ ಬಲ’ (ಇಲ್ಲಿ ಬಾ) ಅಂತ ಕರೆಯುತ್ತಿದ್ದವರು ಸುಮ್ನೆ ಆದರು. ಆರು ತಿಂಗಳು ಅಮ್ಮ ಮೊಮ್ಮಗನ ಹತ್ತಿರ ಒಂದು ಮಾತೂ ಆಡಲಿಲ್ಲ, ಎಲ್ಲಿ ತನ್ನಿಂದ ಮಗು ಹಾಳಾಗುತ್ತದೋ ಅಂತ. ನಮ್ಮ ಇಂಗ್ಲಿಷ್ ಎಷ್ಟು? ಕಮ್, ಈಟ್, ಸಿಟ್. ಮನೆಯಲ್ಲಿ ಮಾತೇ ಕಡಿಮೆ ಆಯಿತು. ಆಮೇಲೆ ಬೇರೆ ಥೆರಪಿಸ್ಟ್ ಸಿಕ್ಕಿದರು, ಅವರು ಕೇಳಿ ಬೇಸರ ಮಾಡಿಕೊಂಡು, ಅಜ್ಜಿ ನಾಳೆಯಿಂದಲೇ ತುಳು ಮಾತಾಡಲಿ ಅಂದರು. ಅವನ ಮೊದಲ ಸ್ವಂತ ಮಾತು ‘ನೀರ್’. ಅಮ್ಮನಿಗೆ ಹೇಳಿದ್ದು.

ಮಗಳ ಕಥೆ ಇನ್ನೊಂದು ತರ. ಅವಳಿಗೆ ಹನ್ನೊಂದು ವರ್ಷದಲ್ಲಿ ಗೊತ್ತಾದದ್ದು, ಅದೂ ಮಗನ ವಿಷಯ ನಮಗೆ ಗೊತ್ತಿದ್ದ ಕಾರಣ. ಶಾಲೆಯಲ್ಲಿ ಚೆನ್ನಾಗಿ ಕಲಿಯುತ್ತಾಳೆ, ಗಲಾಟೆ ಇಲ್ಲ, ಬೇರೆ ಹುಡುಗಿಯರು ಮಾಡಿದ ಹಾಗೆ ನೋಡಿ ಮಾಡುತ್ತಾಳೆ. ಮನೆಗೆ ಬಂದು ಕೋಣೆ ಬಾಗಿಲು ಹಾಕಿ ಎರಡು ಗಂಟೆ ಅಳುತ್ತಿದ್ದಳು. ನಾಚಿಕೆ ಸ್ವಭಾವ ಅಂತ ಎಲ್ಲರೂ. ಹತ್ತು ವರ್ಷ ಮೊದಲಾದರೆ ಇವಳು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಹುಡುಗರಲ್ಲಿ ಜಾಸ್ತಿ, ಹುಡುಗಿಯರಲ್ಲಿ ಕಡಿಮೆ ಅಂತ ಹೇಳುತ್ತಾರಲ್ಲ, ಅದರಲ್ಲಿ ಎಷ್ಟು ಜನ ಹೀಗೆ ಬಾಗಿಲು ಹಾಕಿಕೊಂಡು ಕೂತವರು?

ಗಡಿಯವರಿಗೆ ಇನ್ನೊಂದು ತೊಂದರೆ. ಡಾಕ್ಟರ್ ಮಂಗಳೂರಿನಲ್ಲಿ, ಸರ್ಟಿಫಿಕೇಟ್ ಕೇರಳದ್ದು ಆಗಬೇಕು. ಸರ್ಟಿಫಿಕೇಟ್ ಕ್ಯಾಂಪಿನಲ್ಲಿ ಮಗಳಿಗೆ ಪ್ರಶ್ನೆ ಎಲ್ಲ ಮಲಯಾಳದಲ್ಲಿ. ಅವಳು ಕನ್ನಡ ಮೀಡಿಯಂ. ಉತ್ತರ ಕೊಡದಿದ್ದದ್ದು ಭಾಷೆ ಬಾರದೆಯೋ ಆಟಿಸಂನಿಂದಲೋ ಅಂತ ಅಲ್ಲಿದ್ದವರಿಗೆ ಹೇಗೆ ಗೊತ್ತಾಗಬೇಕು? ಕನ್ನಡ ಬರುವವರು ಬೇಕು ಅಂತ ಬರೆದು ಕೊಟ್ಟೆ, ಎರಡನೇ ಸಲ ಒಬ್ಬ ನರ್ಸ್ ಬಂದು ಕೂತರು, ಅವರು ಪೈವಳಿಕೆಯವರು. ಅಕ್ಕ, ನೀವೂ ಹೋಗುವ ಮೊದಲೇ ಬರೆದು ಕೊಡಿ. ಯುಡಿಐಡಿ ಕಾರ್ಡಿಗೂ (ಅಂಗವಿಕಲರಿಗೆ ಕೇಂದ್ರ ಸರ್ಕಾರದ ಗುರುತಿನ ಚೀಟಿ) ಈಗಲೇ ಅರ್ಜಿ ಹಾಕಿ, ಅದು ಎರಡೂ ರಾಜ್ಯದಲ್ಲಿ ನಡೆಯುತ್ತದೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿನ ಒಂದು ಪಾಲು ಅದರಲ್ಲಿ ಬರುತ್ತದೆ. ಬಿಲ್ಲು ಒಂದೂ ಬಿಸಾಡಬೇಡಿ.

ಉಪ್ಪಳದವಳು

ತಲಪಾಡಿಯವರ ಮಾತಿಗೆ ನನ್ನ ಸಹಿ. ಹಲವು ಭಾಷೆ ಕೇಳಿ ಆಟಿಸಂ ಬರುವುದಿಲ್ಲ, ಇರುವ ಮಗುವಿನ ಮಾತೂ ಅದರಿಂದ ಇನ್ನಷ್ಟು ಹಿಂದೆ ಬೀಳುವುದಿಲ್ಲ. ನಿಮಗೆ ಯಾವ ಭಾಷೆಯಲ್ಲಿ ಪ್ರೀತಿಯಿಂದ ಬೈಯಲಿಕ್ಕೆ ಬರುತ್ತದೋ ಅದರಲ್ಲೇ ಮಾತಾಡಿ. ಮತ್ತೆ ಆ ‘ಕಾಸರಗೋಡ್ ಕಾಸರಗೋಡ್’ ಇದೆಯಲ್ಲ ತಂಗಿ, ಅದನ್ನು ನಿಲ್ಲಿಸಬೇಡಿ. ಅವನ ಬಾಯಿಂದ ಬರುವ ಮಾತು ಈಗ ಅದೊಂದೇ. ಅವನು ಹೇಳಿದಾಗ ನೀವು ಎದುರು ಕೂತು ‘ಕುಂಬಳೆ ಕುಂಬಳೆ’ ಅಂತ ಅದೇ ರಾಗದಲ್ಲಿ ಹೇಳಿ, ಕಾಯಿರಿ. ಯಾವಾಗ ಹೇಳುತ್ತಾನೆ ಅಂತ ಗಮನಿಸಿ. ಹೊರಗೆ ಹೋಗಬೇಕು ಅಂತ ಆದಾಗ ಹೇಳುತ್ತಿದ್ದರೆ ಅದು ಅವನ ಭಾಷೆಯಲ್ಲಿ ‘ಹೋಗುವ’ ಅಂತ.

ಬದಿಯಡ್ಕದ ಅಮ್ಮ

ಎರಡು ದಿನ ಇದನ್ನೇ ಮತ್ತೆ ಮತ್ತೆ ಓದಿದೆ. ಇವರಿಗೂ ಓದಿ ಹೇಳಿದೆ. ಪ್ಯಾರಸಿಟಮಾಲಿನ ಭಾಗ ಓದುವಾಗ ಗಂಟಲು ಕಟ್ಟಿತು, ಒಂದು ತಿಂಗಳಿಂದ ಇವರ ಹತ್ತಿರ ಕೂಡ ಅದನ್ನು ಹೇಳಿರಲಿಲ್ಲ.

ಮಾಸ್ಟ್ರೇ, ಅತ್ತೆಯವರನ್ನು ಕೇಳಿದೆ. ಮೊದಲು ಯಾರೂ ಇಲ್ಲ ಅಂದರು. ಸಂಜೆ ದೀಪ ಹಚ್ಚಿ ಬಂದು ತಾವಾಗಿಯೇ ಹೇಳಿದರು, ಅವರ ದೊಡ್ಡಪ್ಪನ ಮಗ ಒಬ್ಬ ಇದ್ದ, ಬಾವಿಯ ರಾಟೆ ತಿರುಗುವುದನ್ನು ನೋಡುತ್ತಾ ನಿಲ್ಲುತ್ತಿದ್ದ, ಅವನಿಗೆ ಅಂತ ಅಜ್ಜಿ ಸುಮ್ನೆ ನೀರು ಸೇದುತ್ತಿದ್ದರು ಅಂತ. ಆಮೇಲೆ ಅತ್ತೆ ನನ್ನ ಮಗನನ್ನು ಕರೆದುಕೊಂಡು ತೋಟಕ್ಕೆ ಹೋದರು, ಸ್ಪ್ರಿಂಕ್ಲರ್ ಹತ್ತಿರ. ‘ಪುಟ್ಟಾ, ಉಂಬಲೆ ಬಾ’ ಅಂತ ಕರೆಯುವುದು ಅಡಿಗೆಮನೆಗೆ ಕೇಳುತ್ತಿತ್ತು. ಅವನು ಬರಲಿಲ್ಲ. ಅವರೂ ಬರಲಿಲ್ಲ, ಅಲ್ಲಿಯೇ ನಿಂತಿದ್ದರು.

ಥೆರಪಿ ಬರುವ ಗುರುವಾರದಿಂದ. ಬದಿಯಡ್ಕ ಕಡೆಯಿಂದ ಗುರುವಾರ ಮಂಗಳೂರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಬೇರೆ ಯಾರಾದರೂ ಇದ್ದೀರಾ? ಒಟ್ಟಿಗೆ ಹೋದರೆ ಕಾರಿನ ಬಾಡಿಗೆ ಹಂಚಿಕೊಳ್ಳಬಹುದು. ಬಸ್ಸು ಹತ್ತಿದರೆ ಇವನು ಇಳಿಯುವುದಿಲ್ಲ.

ನಿವೃತ್ತ ಮಾಸ್ಟ್ರು, ಕುಂಬಳೆ

ಉಪ್ಪಳದ ಟೀಚರೇ, ಒಂದು ಕೇಳಬೇಕಿತ್ತು. ಐವತ್ತು ವರ್ಷದವನಿಗೆ ಈಗ ಆ ಕಾರ್ಡು ಕೊಡುತ್ತಾರಾ? ತಾಯಿಯ ನಂತರ ಅವನಿಗೆ ಯಾರಿದ್ದಾರೆ ಅಂತ ಯೋಚನೆ ಹತ್ತಿದೆ.

ಉಪ್ಪಳದವಳು

ಕೊಡುತ್ತಾರೆ ಮಾಸ್ಟ್ರೇ, ವಯಸ್ಸಿನ ಮಿತಿ ಇಲ್ಲ. ಚಿಕ್ಕಂದಿನಲ್ಲಿ ಹೇಗಿದ್ದ ಅಂತ ಹೇಳಲಿಕ್ಕೆ ತಾಯಿ ಇರುವಾಗಲೇ ಮಾಡಿಸುವುದು ಒಳ್ಳೆಯದು. ಶಾಲೆಯಲ್ಲಿ ನೀವು ಕಂಡದ್ದನ್ನೂ ಒಂದು ಕಾಗದದಲ್ಲಿ ಬರೆದು ಕೊಡಿ, ಡಾಕ್ಟರಿಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಗಂಟೆ, ತಟ್ಟೆ, ತಿರುಗಿ ಹೇಳುವುದು, ಎಲ್ಲ.

ನಿವೃತ್ತ ಮಾಸ್ಟ್ರು, ಕುಂಬಳೆ

ಬರೆಯುತ್ತೇನೆ. ಬೆತ್ತದ ವಿಷಯವನ್ನೂ ಬರೆಯುತ್ತೇನೆ. ಭಾನುವಾರ ಅವರ ಮನೆಗೆ ಹೋಗುವವನಿದ್ದೇನೆ, ಹಾಲು ಕರೆಯುವ ಹೊತ್ತು ಬಿಟ್ಟು.